ಮುದ್ದೆ ನುಂಗುವ ಊರಲ್ಲಿ ತೂಕ ಇಳಿಸುವ ಆಪರೇಶನ್: ಮಾಡಿಸಿಕೊಂಡವಳ ಮಾರ್ಗದರ್ಶಿ

ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಮಂಡ್ಯದ ಕಡೆ ಮಕ್ಕಳಿಗೆ ಮೊದಲು ಕಲಿಸುವ ಪಾಠಗಳಲ್ಲಿ ಇದೊಂದು. ಚೂರು ಮುರಿದು, ಸಾರಿನಲ್ಲಿ ಹೊರಳಿಸಿ, ನಾಲಿಗೆಯ ಮೇಲಿಟ್ಟು ಜಾರಿಸಿಬಿಟ್ಟರೆ ಆಯಿತು. 41 ವರ್ಷ ನಾನು ಹಾಗೇ ಉಂಡೆ. 2023ರ ಆಷಾಢದಲ್ಲಿ ಮೈಸೂರಿನ ಆಸ್ಪತ್ರೆಯೊಂದರಲ್ಲಿ ನನಗೆ ಗ್ಯಾಸ್ಟ್ರಿಕ್ ಬೈಪಾಸ್, ಅಂದರೆ ಊಟ ಹೋಗುವ ಜಠರ ಚಿಕ್ಕದು ಮಾಡಿ ತೂಕ ಇಳಿಸುವ ಆಪರೇಶನ್, ಆಯಿತು. ಅದಾಗಿ ಏಳನೇ ವಾರ ಮನೆಯವರ ಜೊತೆ ಊಟಕ್ಕೆ ಕೂತಾಗ ಕೈ ತನ್ನಷ್ಟಕ್ಕೆ ಗೋಲಿಯಷ್ಟು ಮುದ್ದೆ ಮುರಿಯಿತು, ಗಂಟಲು ತನ್ನಷ್ಟಕ್ಕೆ ನುಂಗಿತು. ಅದು ಎದೆಗೂಡಿನ ಹಿಂದೆ ಸಿಕ್ಕಿಕೊಂಡಿತು. ಒಂದೂವರೆ ಗಂಟೆ ಕೆಳಗೂ ಇಳಿಯಲಿಲ್ಲ, ಮೇಲೂ ಬರಲಿಲ್ಲ. ಬಾಯಿ ತುಂಬ ನೊರೆಯಂಥ ಜೊಲ್ಲು ಒಸರುತ್ತಲೇ ಇತ್ತು. ಅವ್ವ ಬೆನ್ನು ಸವರುತ್ತಾ ನಿಂತಿದ್ದಳು. ಕೊನೆಗೆ ವಾಂತಿಯಾಗಿ ಹೋಯಿತು.

ಆಸ್ಪತ್ರೆಯಲ್ಲಿ ಕೈಗಿತ್ತ ಆಹಾರದ ಪಟ್ಟಿಯಲ್ಲಿ ಕ್ವಿನೋವಾ ಇತ್ತು, ಅವಕಾಡೊ ಇತ್ತು, ಬ್ರೊಕೊಲಿ ಇತ್ತು. ಮುದ್ದೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ನಮ್ಮ ಜಿಲ್ಲೆಯ ಹೆಣ್ಣುಮಗಳೊಬ್ಬಳು ಈ ಆಪರೇಶನ್‌ಗೆ ಹೊರಟರೆ ಅವಳಿಗೆ ಬೇಕಾದ ಮಾತು ಆ ಪಟ್ಟಿಯಲ್ಲಿ ಇರಲಿಲ್ಲವೆಂದೇ ಇದನ್ನು ಬರೆಯುತ್ತಿದ್ದೇನೆ. ನಾನು ಮಂಡ್ಯದ ಪೇಟೆ ಬೀದಿಯಲ್ಲಿ ಹೊಲಿಗೆ ಅಂಗಡಿ ನಡೆಸುವವಳು, ಡಾಕ್ಟರಲ್ಲ. ಯಾವ ಆಪರೇಶನ್, ಯಾವ ಮಾತ್ರೆ, ಎಷ್ಟು ಎನ್ನುವುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಅವರ ಮುಂದೆ ಕೂರುವ ಮೊದಲು ಮತ್ತು ಮನೆಗೆ ಬಂದ ಮೇಲೆ ಏನೇನು ಮಾಡಿಕೊಳ್ಳಬೇಕು ಎಂಬುದಷ್ಟೇ ನನ್ನ ಪಾಲಿನದು.

1. ಮೊದಲು ಅಳತೆ

ತೂಕವನ್ನು ಕೆ.ಜಿ.ಯಲ್ಲಿ ಬರೆದುಕೊಳ್ಳಿ. ಎತ್ತರವನ್ನು ಮೀಟರಿನಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸಿ. ತೂಕವನ್ನು ಆ ಸಂಖ್ಯೆಯಿಂದ ಭಾಗಿಸಿ. ಬರುವುದೇ ಬಿಎಂಐ, ಎತ್ತರಕ್ಕೆ ತೂಕ ಎಷ್ಟು ಹೆಚ್ಚಿದೆ ಎನ್ನುವ ಅಳತೆ. ನನ್ನ ತೂಕ 114, ಎತ್ತರ 1.56 ಮೀಟರ್. ಲೆಕ್ಕ 46.8ಕ್ಕೆ ಬಂತು. ಜೊತೆಗೆ 9 ವರ್ಷದ ಸಕ್ಕರೆ ಕಾಯಿಲೆ, ಬಿ.ಪಿ., ಮೆಷಿನ್ ತುಳಿಯಲು ಬಿಡದ ಮಂಡಿ ನೋವು.

1991ರಲ್ಲಿ ಅಮೆರಿಕದಲ್ಲಿ ಹಾಕಿದ ಗೆರೆಯಂತೆ ಬಿಎಂಐ 40 ದಾಟಿದವರಿಗೆ, ಅಥವಾ 35 ದಾಟಿ ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದವರಿಗೆ ಮಾತ್ರ ಈ ಆಪರೇಶನ್ ಎನ್ನುತ್ತಿದ್ದರು. 2022ರಲ್ಲಿ ಈ ಸರ್ಜನ್‌ಗಳ ಅಂತರರಾಷ್ಟ್ರೀಯ ಸಂಘಗಳು ಆ ಗೆರೆ ಸಡಿಲಿಸಿ, ಕಾಯಿಲೆ ಇರಲಿ ಬಿಡಲಿ 35ಕ್ಕೇ ಯೋಚಿಸಬಹುದು, ಏಷ್ಯಾದವರಿಗೆ 27.5ಕ್ಕೇ ಯೋಚಿಸಬಹುದು ಎಂದವು. ನಮ್ಮ ಮೈಗೆ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಅಂಟುತ್ತದೆ ಎನ್ನುವುದು ಕಾರಣ. ಹಾಗೆಂದು ಆ ಸಂಖ್ಯೆ ದಾಟಿದವರೆಲ್ಲ ಆಪರೇಶನ್‌ಗೆ ಓಡಬೇಕಾಗಿಲ್ಲ. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಟಿರ್ಜೆಪಟೈಡ್ ಮತ್ತು ತೂಕಕ್ಕೆಂದೇ ಕೊಡುವ ಸೆಮಾಗ್ಲುಟೈಡ್ ಇಂಜೆಕ್ಷನ್‌ಗಳು 2025ರಲ್ಲಿ ಭಾರತಕ್ಕೆ ಬಂದಿವೆ. ನನ್ನ ಕಾಲಕ್ಕೆ ಅವಿರಲಿಲ್ಲ. ನಿಮ್ಮ ಡಾಕ್ಟರ ಬಳಿ ಅದನ್ನೂ ಕೇಳಿ.

"ಆಪರೇಶನ್ ಯಾಕವ್ವ, ಬಾಯಿ ಕಟ್ಟಿದ್ರೆ ಆಯ್ತಲ್ಲ" ಎಂದು ನನಗೆ ಹೇಳದವರಿಲ್ಲ. ಬಾಯಿ ಕಟ್ಟಿದ್ದೆ. ಎರಡು ವರ್ಷ ಬೆಳಿಗ್ಗೆ ಸ್ಟೇಡಿಯಂ ಸುತ್ತಿದೆ, ರಾತ್ರಿ ಒಂದೇ ಚಪಾತಿ ತಿಂದೆ, 11 ಕೆ.ಜಿ. ಇಳಿಸಿದೆ. ಆಮೇಲೆ 14 ಏರಿತು. ತೂಕ ಇಳಿದಾಗ ಮೈ ಅದನ್ನು ಬರಗಾಲವೆಂದು ತಿಳಿದು ಹಸಿವಿನ ಹಾರ್ಮೋನು ಹೆಚ್ಚಿಸುತ್ತದೆ, ಖರ್ಚು ತಗ್ಗಿಸುತ್ತದೆ. ಇದು ಸೋಮಾರಿತನವಲ್ಲ. ಇದನ್ನು ಓದುತ್ತಿರುವ ನೀವು ದಪ್ಪ ಇದ್ದೀರಾದರೆ, ಯಾರು ಏನೇ ಅಂದಿರಲಿ, ಇದೊಂದು ಮಾತು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಕ್ಕೆ ಓದಿ.

2. ಸರ್ಜನ್ ಆರಿಸುವುದು

ನಾನು ಮೊದಲು ಹೋದ ಜಾಗದಲ್ಲಿ ಡಾಕ್ಟರಿಗಿಂತ ಮೊದಲು ಪ್ಯಾಕೇಜ್ ಹೇಳುವವರು ಸಿಕ್ಕರು. ಈ ವಾರ ಮುಂಗಡ ಕಟ್ಟಿದರೆ ಇಷ್ಟು ಕಡಿಮೆ ಎಂದರು. ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ಜಠರ ನೋಡುವ ಎಂಡೋಸ್ಕೋಪಿ ಮಾಡುವ ಮೊದಲೇ ನಿಮಗೆ ಸ್ಲೀವ್ ಆಪರೇಶನ್ ಎಂದು ಬರೆದುಕೊಟ್ಟರು. ಎದ್ದು ಬಂದೆ. ಎರಡನೇ ಕಡೆ ಎಂಡೋಸ್ಕೋಪಿ ಮಾಡಿದಾಗ ಅನ್ನನಾಳದ ಬುಡ ಆಸಿಡ್‌ನಿಂದ ಹುಣ್ಣಾಗಿರುವುದು ಕಂಡಿತು. ಸ್ಲೀವ್ ಮಾಡಿದರೆ ಎದೆಯುರಿ ಹೆಚ್ಚಬಹುದು, ನಿಮಗೆ ಬೈಪಾಸ್ ವಾಸಿ ಎಂದರು ಅಲ್ಲಿಯ ಸರ್ಜನ್. ಒಂದು ಪರೀಕ್ಷೆ ಬಿಟ್ಟಿದ್ದರೆ ನನಗೆ ತಕ್ಕದ್ದಲ್ಲದ ಆಪರೇಶನ್ ಆಗಿಹೋಗುತ್ತಿತ್ತು.

ಎರಡರ ವ್ಯತ್ಯಾಸ ನನ್ನ ಭಾಷೆಯಲ್ಲಿ ಹೇಳುತ್ತೇನೆ. ಸ್ಲೀವ್ ಎಂದರೆ ಜಠರವನ್ನು ಉದ್ದಕ್ಕೆ ಕತ್ತರಿಸಿ ಮುಕ್ಕಾಲು ಭಾಗ ತೆಗೆದುಹಾಕಿ, ಉಳಿದದ್ದನ್ನು ಕೊಳವೆಯಂತೆ ಹೊಲಿಯುವುದು. ತೆಗೆದ ಭಾಗ ಮತ್ತೆ ಬರುವುದಿಲ್ಲ. ಹಸಿವಿನ ಹಾರ್ಮೋನು ಗ್ರೆಲಿನ್ ಬಹುಪಾಲು ಹುಟ್ಟುವುದು ಆ ಭಾಗದಲ್ಲೇ, ಹಾಗಾಗಿ ಹಸಿವೂ ತಗ್ಗುತ್ತದೆ. ಬೈಪಾಸ್‌ನಲ್ಲಿ ಏನನ್ನೂ ತೆಗೆಯುವುದಿಲ್ಲ. ಜಠರದ ಮೇಲ್ತುದಿಯಲ್ಲಿ ಸುಮಾರು 30 ಎಂ.ಎಲ್. ಹಿಡಿಯುವ ಪುಟ್ಟ ಚೀಲ ಮಾಡಿ, ಸಣ್ಣಕರುಳನ್ನು ಕೆಳಗಿನಿಂದ ತಂದು ಅದಕ್ಕೆ ಜೋಡಿಸುತ್ತಾರೆ. ಹಳೆಯ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಅದರ ದಾರಿ ಹಿಡಿಯುವುದಿಲ್ಲ. ಸಕ್ಕರೆ ಕಾಯಿಲೆಗೂ ಎದೆಯುರಿಗೂ ಇದು ಒಳ್ಳೆಯದು. ಆದರೆ ಕಬ್ಬಿಣ, ಕ್ಯಾಲ್ಸಿಯಂ, ಬಿ12 ಹೀರುವ ದಾರಿ ತಪ್ಪುವುದರಿಂದ ಮಾತ್ರೆ ಜೀವನಪರ್ಯಂತ.

ಸರ್ಜನ್‌ಗೆ ಕೇಳಿ: ನನಗೆ ಇದೇ ಯಾಕೆ? ಇಂಥವು ನೀವೇ ಎಷ್ಟು ಮಾಡಿದ್ದೀರಿ? ಹೊಲಿಗೆ ಸೋರಿದ್ದು ಎಷ್ಟು ಜನಕ್ಕೆ? ರಾತ್ರಿ 2 ಗಂಟೆಗೆ ಫೋನ್ ಮಾಡಿದರೆ ಎತ್ತುವವರು ಯಾರು? ಈ ಕೊನೆಯ ಪ್ರಶ್ನೆಗೆ ನೇರ ಉತ್ತರ ಸಿಗದ ಕಡೆ ಮಾಡಿಸಿಕೊಳ್ಳಬೇಡಿ.

3. ದುಡ್ಡು

ನನ್ನ ಖರ್ಚು ಮೂರುಮುಕ್ಕಾಲು ಲಕ್ಷ ಆಯಿತು, ಔಷಧಿ ಮತ್ತು ಪ್ರೋಟೀನ್ ಪುಡಿ ಬಿಟ್ಟು. ಪ್ಯಾಕೇಜ್ ಎಂದಾಗ ಸ್ಟೇಪ್ಲರ್ ಕಾರ್ಟ್ರಿಜ್ ಎಷ್ಟು ಸೇರಿದೆ ಎಂದು ಕೇಳಿ, ಬರಹದಲ್ಲಿ ಪಡೆಯಿರಿ. ಜಠರ ಕತ್ತರಿಸಿ ಹೊಲಿಯುವ ಸಾಧನಕ್ಕೆ ತುಂಬುವ ಪಿನ್ನುಗಳ ಕಟ್ಟು ಅದು, ಒಂದೊಂದಕ್ಕೂ ಬೆಲೆ ಹೆಚ್ಚು, ಬಿಲ್ ಉಬ್ಬುವುದು ಅಲ್ಲೇ. ತೊಂದರೆಯಾಗಿ ಮತ್ತೆ ಸೇರಬೇಕಾದರೆ ಖರ್ಚು ಯಾರದೆಂದೂ ಕೇಳಿ.

ವಿಮೆ ಇದ್ದವರು ಪಾಲಿಸಿಯಲ್ಲಿ ಬೊಜ್ಜಿನ ಚಿಕಿತ್ಸೆಯ ಕಲಮು ಹುಡುಕಿ. 18 ವರ್ಷ ತುಂಬಿರಬೇಕು. ಬಿಎಂಐ 40 ಅಥವಾ ಅದಕ್ಕೂ ಮೇಲಿರಬೇಕು, ಇಲ್ಲವೇ 35 ಮುಟ್ಟಿದ್ದು ಹೃದ್ರೋಗ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ಕಾಯಿಲೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇಂಥದ್ದೊಂದು ಇರಬೇಕು. ಬೇರೆ ದಾರಿಯಲ್ಲಿ ತೂಕ ಇಳಿಸಲು ನೋಡಿ ಆಗಲಿಲ್ಲ ಎಂಬುದನ್ನೂ ತೋರಿಸಬೇಕು. ನನ್ನ ಅರ್ಜಿಗೆ ಮೊದಲು ಆಕ್ಷೇಪ ಬಂತು. ಉಳಿಸಿದ್ದು ಹಳೆಯ ಚೀಟಿಗಳು: ಸಕ್ಕರೆ ಡಾಕ್ಟರು 3 ವರ್ಷದಿಂದ ಪ್ರತಿ ಭೇಟಿಯಲ್ಲೂ ಮೇಲ್ತುದಿಯಲ್ಲಿ ಬರೆದಿದ್ದ ತೂಕ. ಅಂಥ ಒಂದು ಚೀಟಿಯನ್ನೂ ಎಸೆಯಬೇಡಿ.

4. ತಿಂಗಳು ಆರಿಸುವುದು

ಇದನ್ನು ಯಾವ ಡಾಕ್ಟರೂ ಹೇಳುವುದಿಲ್ಲ, ಆದರೆ ನನ್ನ ಮಟ್ಟಿಗೆ ಇದು ಅರ್ಧ ಗೆಲುವು. ಆಪರೇಶನ್ ಆದ ಮೊದಲ ಎರಡು ತಿಂಗಳು ನಿಮ್ಮೆದುರು ಬಾಳೆಲೆ ಹಾಸಬಾರದು. ನಮ್ಮಲ್ಲಿ ಮದುವೆ ಇದ್ದರೆ ಬೀಗರ ಊಟ ಇದ್ದೇ ಇದೆ. ಮದುವೆ ಇಲ್ಲದ ತಿಂಗಳು ಆಷಾಢ. 2023ರಲ್ಲಿ ಆಷಾಢದ ಬೆನ್ನಿಗೇ ಅಧಿಕ ಶ್ರಾವಣವೂ ಬಂದಿತ್ತು, ಆಗಸ್ಟ್ ನಡುವಿನ ತನಕ ಶುಭಕಾರ್ಯವೇ ಇರಲಿಲ್ಲ. ಮದುವೆ ಬ್ಲೌಸ್ ಇಲ್ಲದೆ ಅಂಗಡಿಯೂ ಬಿಡುವಾಗಿತ್ತು. ಅತ್ತೆ ಮಾತ್ರ "ಆಷಾಢದಲ್ಲಿ ಮೈಗೆ ಕತ್ತಿ ಹಾಕುಸ್ಕತಾರಾ?" ಎಂದು ನೊಂದುಕೊಂಡರು. ಅವರನ್ನೇ ಮೈಸೂರಿಗೆ ಕರೆದುಕೊಂಡು ಹೋಗಿ ಡಾಕ್ಟರ ಎದುರು ಕೂರಿಸಿದೆ. ಅವರ ಎಲ್ಲ ಪ್ರಶ್ನೆಗೂ ಡಾಕ್ಟರು ತಾಳ್ಮೆಯಿಂದ ಉತ್ತರಿಸಿದರು. ಮನೆಯಲ್ಲಿ ಅಡುಗೆ ಯಾರ ಕೈಯಲ್ಲಿದೆಯೋ ಅವರನ್ನು ಒಮ್ಮೆಯಾದರೂ ಡಾಕ್ಟರ ಮುಂದೆ ಕೂರಿಸಲೇಬೇಕು.

5. ಪರೀಕ್ಷೆಗಳು, ಆಮೇಲೆ ಎರಡು ವಾರದ ಪಥ್ಯ

ರಕ್ತ, ಥೈರಾಯ್ಡ್, ಮೂರು ತಿಂಗಳ ಸಕ್ಕರೆ ಸರಾಸರಿ, ಹೊಟ್ಟೆ ಸ್ಕ್ಯಾನ್, ಇಸಿಜಿ, ಎಕೋ, ಎಂಡೋಸ್ಕೋಪಿ. ಗೊರಕೆ ಇದ್ದರೆ ನಿದ್ದೆಯ ಪರೀಕ್ಷೆ. ನನಗೆ ರಾತ್ರಿ ಉಸಿರು ನಿಂತು ನಿಂತು ಬರುತ್ತಿರುವುದು ಅದರಲ್ಲೇ ಗೊತ್ತಾಗಿ, ಆಪರೇಶನ್‌ಗೆ ಒಂದು ತಿಂಗಳು ಮೊದಲಿಂದ ಗಾಳಿ ಊದುವ ಮೆಷಿನ್ ಹಾಕಿಕೊಂಡು ಮಲಗಿದೆ. ಮನೋವೈದ್ಯರ ಭೇಟಿಯೂ ಇರುತ್ತದೆ. ಅಲ್ಲಿ ಮುಚ್ಚಿಡಬೇಡಿ. ಅಂಗಡಿ ಬಾಗಿಲು ಹಾಕಿದ ಮೇಲೆ ಒಬ್ಬಳೇ ಕೂತು ಮದ್ದೂರು ವಡೆ ತಿನ್ನುತ್ತಿದ್ದದ್ದನ್ನು ನಾನು ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವರ ಬಳಿ. ಹೇಳಿ ಅತ್ತುಬಿಟ್ಟೆ. ಆ ಹೊತ್ತಿಗೆ ತಂಗಿಗೆ ಫೋನ್ ಮಾಡುವ ಅಭ್ಯಾಸ ಅವರೇ ಹಚ್ಚಿದ್ದು, ಇಂದಿಗೂ ನಡೆದಿದೆ.

ಕೊನೆಯ ಎರಡು ವಾರ ಅನ್ನ, ಮುದ್ದೆ, ಎಣ್ಣೆ, ಸಿಹಿ ಬಿಟ್ಟು ಪ್ರೋಟೀನ್ ಪಾನೀಯ, ಮಜ್ಜಿಗೆ, ತರಕಾರಿ ಸೂಪು. ಇದು ಹಿಂಸೆಗೆಂದು ಹಾಕಿದ ಪಥ್ಯವಲ್ಲ. ಯಕೃತ್ತಿನ ಎಡಭಾಗ ಜಠರದ ಮೇಲೆ ಹೊದ್ದುಕೊಂಡಿರುತ್ತದೆ. ಕೊಬ್ಬು ತುಂಬಿ ಉಬ್ಬಿದ್ದರೆ ಅದನ್ನು ಎತ್ತಿ ಹಿಡಿಯುವುದು ಕಷ್ಟ, ಗಾಯವಾಗುವ ಭಯವೂ ಇದೆ. ಎರಡು ವಾರಕ್ಕೇ ಅದು ಚಿಕ್ಕದಾಗುತ್ತದೆ. ಸಕ್ಕರೆ ಮಾತ್ರೆ ನುಂಗುವವರು ಈ ಪಥ್ಯ ಶುರುಮಾಡುವ ದಿನವೇ ಪ್ರಮಾಣ ಕೇಳಿಕೊಳ್ಳಿ. ಊಟ ತಗ್ಗಿ ಮಾತ್ರೆ ಹಾಗೇ ಉಳಿದರೆ ಸಕ್ಕರೆ ಕುಸಿದು ತಲೆಸುತ್ತಿ ಬೀಳುತ್ತೀರಿ. ಬೀಡಿ, ಸಿಗರೇಟು, ಹೊಗೆಸೊಪ್ಪು ಇದ್ದವರು ವಾರಗಟ್ಟಲೆ ಮೊದಲೇ ಬಿಡಬೇಕು, ಮತ್ತೆ ಹಿಡಿಯಬಾರದು.

ಉಂಗುರ, ಕಾಲುಂಗುರ, ಬಳೆ ಮನೆಯಲ್ಲೇ ತೆಗೆದಿಡಿ. ಆಸ್ಪತ್ರೆಯಲ್ಲಿ ಹೇಗೂ ತೆಗೆಸುತ್ತಾರೆ, ಆಮೇಲೆ ಬೆರಳು ಸಣ್ಣಗಾಗಿ ಎಲ್ಲೋ ಜಾರಿಹೋಗುತ್ತವೆ. ನನ್ನ ಒಂದು ಕಾಲುಂಗುರ ಹಾಗೇ ಹೋಯಿತು.

6. ಆಸ್ಪತ್ರೆ

ಮೂರು ದಿನ. ಹೊಟ್ಟೆಯ ಮೇಲೆ ಐದು ಸಣ್ಣ ತೂತು, ಸುಮಾರು ಎರಡು ಗಂಟೆ. ಎಚ್ಚರವಾದಾಗ ಗಾಯಕ್ಕಿಂತ ಭುಜ ಹೆಚ್ಚು ನೋಯುತ್ತಿತ್ತು. ಹೊಟ್ಟೆ ಉಬ್ಬಿಸಲು ತುಂಬಿದ ಗಾಳಿಯ ನೋವು ಅದು, ಓಡಾಡಿದಂತೆ ಹೋಗುತ್ತದೆ. ಅಂದೇ ಸಂಜೆ ನಡೆಸುತ್ತಾರೆ. ಏಳಲಾರೆ ಅನ್ನಿಸಿದರೂ ಏಳಿ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕಾಯುವುದು ಆ ನಡಿಗೆ. ಶ್ವಾಸಕೋಶ ಅರಳಲೆಂದು ಕೊಡುವ ಮೂರು ಚೆಂಡಿನ ಉಸಿರಿನ ಆಟಿಕೆಯನ್ನೂ ಗಂಟೆಗೊಮ್ಮೆ ಎಳೆಯಿರಿ. ನನ್ನ ಸಕ್ಕರೆ ಮೂರನೇ ದಿನಕ್ಕೇ ಇಳಿದಿತ್ತು. ತೂಕ ಇಳಿಯುವ ಮೊದಲೇ ಹೀಗಾಗುವುದು ಕರುಳಿನ ಹಾರ್ಮೋನು ಬದಲಾಗುವುದರಿಂದ ಎಂದರು. ಒಂದು ಮಾತ್ರೆ ನಿಲ್ಲಿಸಿ, ಇನ್ನೊಂದನ್ನು ಅರ್ಧ ಮಾಡಿ ಕಳಿಸಿದರು.

ಮಂಡ್ಯ 45 ಕಿ.ಮೀ. ಅಷ್ಟೇ ಎಂದು ನೇರ ಊರಿಗೆ ಹೊರಡಬೇಡಿ. ಹೊಲಿಗೆ ಸೋರುವುದಿದ್ದರೆ ಹೆಚ್ಚಾಗಿ ಮೊದಲ ಒಂದೆರಡು ವಾರದಲ್ಲಿ. ನಾನು ಹತ್ತು ದಿನ ಸರಸ್ವತಿಪುರಂನ ತಂಗಿ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಮೊದಲ ದಿನ ನೂರು ಹೆಜ್ಜೆ, ಹತ್ತನೇ ದಿನ ಕಾಲು ಗಂಟೆ. ಅವಳ ಮನೆಯಿಂದ ಆಸ್ಪತ್ರೆಗೆ ಹತ್ತು ನಿಮಿಷ ಎಂಬ ಧೈರ್ಯದಿಂದಲೇ ನಿದ್ದೆ ಬರುತ್ತಿತ್ತು.

7. ಅಡುಗೆಮನೆ

ಇದನ್ನು ನಿಧಾನವಾಗಿ ಓದಿ.

ಮೊದಲ ಎರಡು ದಿನ ತಿಳಿ ದ್ರವ ಮಾತ್ರ, ಗುಟುಕು ಗುಟುಕಾಗಿ. ಲೋಟ ಹಿಡಿದರೆ ಅಭ್ಯಾಸಬಲದಿಂದ ಎತ್ತಿ ಕುಡಿದುಬಿಡುತ್ತೇವೆ. ಅವ್ವ ನನ್ನ ಮಗಳಿಗೆ ಹಾಲು ಕುಡಿಸಿದ ಒಳಲೆಯನ್ನು ಅಟ್ಟದಿಂದ ಹುಡುಕಿ ತಂದಳು. ಅದಕ್ಕಿಂತ ಒಳ್ಳೆಯ ಪಾತ್ರೆ ಇಲ್ಲ. ಒಳಲೆ ಇಲ್ಲದಿದ್ದರೆ ಕೆಮ್ಮಿನ ಸಿರಪ್ಪಿನ ಜೊತೆ ಬರುವ ಅಳತೆ ಮುಚ್ಚಳ. ಎದ್ದಿರುವಷ್ಟು ಹೊತ್ತೂ ಗುಟುಕರಿಸುತ್ತಿದ್ದರೆ ಸಂಜೆಗೆ ಒಂದೂವರೆ ಲೀಟರ್ ಮುಟ್ಟಬಹುದು. ಮೂತ್ರ ಗಾಢ ಹಳದಿಯಾದರೆ ನೀರು ಸಾಲದು ಎಂದರ್ಥ.

ಮೂರನೇ ದಿನದಿಂದ ಎರಡು ವಾರ ತುಂಬುವ ತನಕ ತೆಳು ಮಜ್ಜಿಗೆ, ಕೆನೆ ತೆಗೆದ ಹಾಲು, ಸೋಸಿದ ಸೂಪು, ಪ್ರೋಟೀನ್ ಪುಡಿ. ಇಲ್ಲಿ ನಮ್ಮ ಮನೆಗಳಲ್ಲಿ ಆಗುವ ದೊಡ್ಡ ತಪ್ಪೊಂದಿದೆ. ಹುರುಳಿ ಕಟ್ಟು, ಬೇಳೆ ಕಟ್ಟು, ಕಾಲು ಸೂಪು ಕುಡಿದರೆ ಶಕ್ತಿ ಬರುತ್ತದೆ ಎಂದು ಅವನ್ನೇ ಕೊಡುತ್ತಾರೆ. ಕಟ್ಟು ರುಚಿ, ಉಪ್ಪು, ನೀರು ಕೊಡುತ್ತದೆ. ಪ್ರೋಟೀನ್ ಬಹುಪಾಲು ಸೋಸಿ ಎಸೆದ ಕಾಳಿನಲ್ಲೇ ಉಳಿದಿರುತ್ತದೆ. ಈಗ ನಿಮಗೆ ದಿನಕ್ಕೆ 60 ಗ್ರಾಂ ಪ್ರೋಟೀನ್‌ ಆದರೂ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7, 100 ಗ್ರಾಂ ಪನೀರಿನಲ್ಲಿ ಸುಮಾರು 18. ಮೊದಲ ತಿಂಗಳು ಪುಡಿ ಇಲ್ಲದೆ ಈ ಲೆಕ್ಕ ತುಂಬುವುದಿಲ್ಲ. ಪುಡಿ ದುಬಾರಿ ಎಂದು ಬಿಟ್ಟರೆ ಮೈ ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ.

ಮೂರು, ನಾಲ್ಕನೇ ವಾರ ಮಗುವಿಗೆ ಕಿವುಚಿದಂತೆ: ಬೇಳೆಯನ್ನು ಬೇಳೆಯ ಸಮೇತ ನುಣ್ಣಗೆ ಮಸೆದದ್ದು, ಗಟ್ಟಿ ಮೊಸರು, ಕಿವುಚಿದ ಪನೀರು, ತೆಳ್ಳನೆಯ ರಾಗಿ ಅಂಬಲಿ. ಅಂಬಲಿ ಬಾಯಿಗೆ ಬಂದ ದಿನ ನನ್ನ ಕಣ್ಣು ತುಂಬಿತು, ಊರಿಗೆ ಮರಳಿ ಬಂದಂತಾಯಿತು. ಐದು, ಆರನೇ ವಾರ ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು, ಮೆತ್ತಗೆ ಬೆಂದ ಸೋರೆಕಾಯಿ, ಸೀಮೆಬದನೆ, ಅರ್ಧ ಇಡ್ಲಿ. ಅವರೆ ಕಾಲವಾಗಿದ್ದರೆ ಹಿತಕಿದ ಬೇಳೆಯಷ್ಟು ಹಿತವಾದದ್ದು ಇಲ್ಲ, ಸಿಪ್ಪೆ ಇಲ್ಲದ್ದರಿಂದ ಮೆತ್ತಗೆ ಇಳಿಯುತ್ತದೆ. ಈ ವಾರಗಳ ಲೆಕ್ಕ ಒಬ್ಬೊಬ್ಬ ಸರ್ಜನ್‌ದು ಒಂದೊಂದು ರೀತಿ, ನಿಮ್ಮವರದ್ದೇ ಅನುಸರಿಸಿ.

ಎರಡು ತಿಂಗಳಾದ ಮೇಲೆ ಎಲ್ಲರಂತೆ ಊಟ, ಆದರೆ ಉಣ್ಣುವ ರೀತಿ ಬೇರೆ. ಕೈಯಲ್ಲಿ ಕಲಸಿದರೆ ತುತ್ತು ಹಳೆಯ ಅಳತೆಗೇ ಬರುತ್ತದೆ, ಹಾಗಾಗಿ ನಾನು ಟೀ ಚಮಚ ಹಿಡಿದೆ. ಒಂದು ಚಮಚ ಬಾಯಿಗೆ, ಚಮಚ ಕೆಳಗೆ, 25 ಸಲ ಅಗಿಯುವುದು, ಗಂಟಲಿಗೆ ಹೋಗುವಾಗ ಅದು ಗಂಜಿಯಂತಾಗಿರಬೇಕು. ಮೊದಲು ಮೊಟ್ಟೆ, ಕೋಳಿ, ಕಾಳು. ಆಮೇಲೆ ಸೊಪ್ಪು, ತರಕಾರಿ. ಕೊನೆಗೆ ಜಾಗ ಉಳಿದರೆ ಅನ್ನ. ಊಟದ ಜೊತೆ ನೀರು ಕುಡಿಯಬಾರದು, ಮುಗಿಸಿ ಅರ್ಧ ಗಂಟೆ ಬಿಡಬೇಕು. ನೆನಪಿಡಿ, ಬಸ್ಸಾರು, ಉಪ್ಪುಸಾರು ತೆಳ್ಳಗಿದ್ದರೆ ಅದೂ ನೀರೇ. ಕಾಳು, ಸೊಪ್ಪನ್ನು ಬಸಿದು ಒಗ್ಗರಣೆ ಹಾಕಿದ ಪಲ್ಯ ನಿಮ್ಮ ಪಾಲು, ಸಾರು ಮನೆಯವರ ಪಾಲು.

ಮುದ್ದೆಯ ವಿಷಯ. ನುಂಗಿದರೆ ಚೀಲದ ಬಾಯಿಗೆ ಅಡ್ಡ ಕೂರುತ್ತದೆ. ಅಗಿಯಲು ಹೋದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಅನೇಕ ಸಲ ನೋಡಿ ನಾನು ಕಂಡುಕೊಂಡದ್ದು ಇಷ್ಟು: ಮೊದಲ ಆರು ತಿಂಗಳು ಮುದ್ದೆ ಬೇಡ, ರಾಗಿ ಬೇಕೆನಿಸಿದರೆ ಅಂಬಲಿ, ಇಲ್ಲವೇ ಸೊಪ್ಪು ಹಾಕಿ ಗರಿಯಾಗಿ ಬೇಯಿಸಿದ ತೆಳು ರೊಟ್ಟಿ. ಗರಿ ಇದ್ದರೆ ಬಾಯಿ ತಾನಾಗಿ ಅಗಿಯುತ್ತದೆ. ಆಮೇಲೆ ಮುದ್ದೆ ತಿನ್ನುವುದಾದರೆ ನಿಂಬೆಹಣ್ಣಿನಷ್ಟು, ಮೆತ್ತಗೆ ತೊಳಸಿದ್ದು, ಗಟ್ಟಿ ಮೊಸರಿನಲ್ಲಿ ಕಿವುಚಿ ಚಮಚದಲ್ಲಿ. ಮನೆಯವರೆಲ್ಲ ಮುದ್ದೆ ಉಣ್ಣುವ ಸಾಲಿನಲ್ಲಿ ಕೂರದೆ, ಮೊದಲ ಕೆಲವು ತಿಂಗಳು ಅವರಿಗಿಂತ ಅರ್ಧ ಗಂಟೆ ಮೊದಲೇ ಉಂಡುಬಿಡಿ. ಪಕ್ಕದವರ ಗಂಟಲು ನುಂಗುವುದು ನೋಡುತ್ತಿದ್ದರೆ ನಮ್ಮದೂ ನುಂಗುತ್ತದೆ.

ಬೈಪಾಸ್ ಆದವರಿಗೆ ಬೆಲ್ಲ, ಸಕ್ಕರೆಯ ಎಚ್ಚರಿಕೆ ಬೇರೆ. ಎಂಟನೇ ತಿಂಗಳಲ್ಲಿ ಪಾಂಡವಪುರದ ಕಡೆ ನೆಂಟರ ಆಲೆಮನೆಗೆ ಹೋದಾಗ ಬಿಸಿ ಬೆಲ್ಲ ಎರಡು ಬೆರಳಷ್ಟು ತಿಂದೆ. ಕಾಲು ಗಂಟೆಯಲ್ಲಿ ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆ ಹಿಂಡಿ ಭೇದಿ. ಅಲ್ಲೇ ಚಾಪೆಯ ಮೇಲೆ ಮಲಗಿಸಿದರು. ಸಿಹಿ ಚೀಲದಲ್ಲಿ ನಿಲ್ಲದೆ ನೇರ ಕರುಳಿಗೆ ಬಿದ್ದು, ಮೈಯ ನೀರನ್ನೆಲ್ಲ ಅಲ್ಲಿಗೆ ಎಳೆದುಕೊಳ್ಳುತ್ತದೆ. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಕೆಲವರಿಗೆ ಒಂದೆರಡು ಗಂಟೆ ಬಿಟ್ಟು ಸಕ್ಕರೆ ಕುಸಿಯುವುದೂ ಉಂಟು.

8. ಬೀಗರ ಊಟಕ್ಕೆ ಹೋಗಲೇಬೇಕಾದಾಗ

ಹೊರಡುವ ಮೊದಲು ಮನೆಯಲ್ಲಿ ಒಂದು ಮೊಟ್ಟೆ ತಿನ್ನಿ. ಪಂಕ್ತಿಯ ತುದಿಯಲ್ಲಿ ಕೂರಿ. ಬಡಿಸುವ ಹುಡುಗರಿಗೆ ಮೊದಲೇ "ನನಗೆ ಎರಡು ಪೀಸ್ ಸಾಕು ಕಣಪ್ಪ, ಆಪರೇಶನ್ ಆಗೈತೆ" ಎಂದುಬಿಡಿ. ಯಾವ ಆಪರೇಶನ್ ಎಂದು ಹೇಳಲೇಬೇಕಾಗಿಲ್ಲ. ನಾನು ಮೊದಲು ಮುಚ್ಚಿಟ್ಟೆ. "ಯಾಕವ್ವ, ನಮ್ಮ ಅಡ್ಗೆ ಸೇರ್ಲಿಲ್ವಾ?" ಎಂದು ಬೀಗಿತ್ತಿ ಮುಖ ಸಣ್ಣ ಮಾಡಿಕೊಂಡಾಗ ಇನ್ನೆರಡು ತುತ್ತು ತುರುಕಿಕೊಂಡು ಬಚ್ಚಲಿಗೆ ಓಡಿದೆ. ಅಂದಿನಿಂದ ಕೇಳಿದವರಿಗೆ ನಿಜ ಹೇಳುತ್ತೇನೆ. ಹೇಳಿದ ಮೇಲೆ ಮೂವರು ಹೆಣ್ಣುಮಕ್ಕಳು ಅಂಗಡಿಗೆ ಬಂದು, ಬಾಗಿಲು ಅರೆಮುಚ್ಚಿಸಿ, ತಮ್ಮ ತೂಕದ ಕಷ್ಟ ಹೇಳಿಕೊಂಡು ಹೋದರು.

9. ತಡಮಾಡದೆ ಆಸ್ಪತ್ರೆಗೆ ಓಡಬೇಕಾದದ್ದು

ಮೊದಲ ವಾರಗಳಲ್ಲಿ ನಾಡಿ ನಿಮಿಷಕ್ಕೆ 120ರ ಹತ್ತಿರ ಬಡಿದು ಇಳಿಯದಿದ್ದರೆ, ಜ್ವರ, ಹೆಚ್ಚುತ್ತಲೇ ಹೋಗುವ ಹೊಟ್ಟೆ ನೋವು, ಏದುಸಿರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಒಂದೇ ಮೀನಖಂಡ ಊದಿ ನೋಯುತ್ತಿದ್ದರೂ ಅಷ್ಟೇ. ಗುಟುಕು ನೀರೂ ನಿಲ್ಲದಂತೆ ದಿನಗಟ್ಟಲೆ ವಾಂತಿಯಾದರೆ ಥಯಮಿನ್ ಎಂಬ ಬಿ1 ವಿಟಮಿನ್ ಕರಗಿ ಮಿದುಳಿಗೇ ಪೆಟ್ಟು ಬೀಳಬಹುದು. ಊರಿನ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿಸಿಕೊಳ್ಳುವ ಮೊದಲು ನಿಮ್ಮ ಸರ್ಜನ್‌ಗೆ ಫೋನ್ ಮಾಡಿ, ಬಿ1 ಕೊಡದೆ ಗ್ಲೂಕೋಸ್ ಹಾಕುವುದು ಅಪಾಯ. ಯಾವಾಗಲಾದರೂ, ವರ್ಷಗಳ ಮೇಲಾದರೂ ಸರಿ, ಹೊಟ್ಟೆ ಹಿಂಡುವ ತೀವ್ರ ನೋವು ಬಂದರೆ ಬೈಪಾಸ್ ಆಗಿದೆ ಎಂದು ಮೊದಲ ಮಾತಿನಲ್ಲೇ ಹೇಳಿ. ಒಳಗೆ ಕರುಳು ಸಿಕ್ಕಿಕೊಂಡಿರಬಹುದು.

ಮೆಡಿಕಲ್ ಸ್ಟೋರಿನಲ್ಲಿ ಮೈಕೈ ನೋವಿಗೆ ಎಂದು ಕೇಳಿ ಮಾತ್ರೆ ತರುವುದನ್ನು ಇಂದೇ ನಿಲ್ಲಿಸಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯವು ಹೊಸ ಜೋಡಣೆಯ ಜಾಗದಲ್ಲಿ ಹುಣ್ಣು ಎಬ್ಬಿಸುತ್ತವೆ. ನನ್ನ ಪರ್ಸಿನಲ್ಲಿ ಆಪರೇಶನ್ ಹೆಸರು, ದಿನಾಂಕ, ಕೊಡಬಾರದ ಮಾತ್ರೆ ಬರೆದ ಚೀಟಿ ಸದಾ ಇರುತ್ತದೆ. ಮಗು ಬೇಕೆನ್ನುವವರು 12ರಿಂದ 18 ತಿಂಗಳು ಕಾಯಬೇಕು, ಮುಟ್ಟು ಸರಿಹೋಗಿ ಗರ್ಭ ಬೇಗ ನಿಲ್ಲುವುದರಿಂದ ಮೊದಲೇ ಡಾಕ್ಟರ ಜೊತೆ ಮಾತಾಡಿ.

10. ಟೇಪು, ಬಟ್ಟೆ, ಕೂದಲು

ನಾಲ್ಕನೇ ವಾರದಲ್ಲಿ ತೂಕ 103ಕ್ಕೆ ನಿಂತು ಹದಿನಾರು ದಿನ ಅಲುಗಲಿಲ್ಲ. ಆಪರೇಶನ್ ಸುಳ್ಳಾಯಿತು ಎಂದು ರಾತ್ರಿ ನಿದ್ದೆಯಿಲ್ಲ. ಕೊನೆಗೆ ಅಂಗಡಿಯ ಟೇಪು ತೆಗೆದು ಸುತ್ತಿಕೊಂಡೆ: ಸೊಂಟ ಎರಡು ಇಂಚು ಇಳಿದಿತ್ತು. ಹೀಗೆ ನಿಲ್ಲುವುದು ಹೆಚ್ಚುಕಡಿಮೆ ಎಲ್ಲರಿಗೂ ಇದ್ದದ್ದೇ. ಆಪರೇಶನ್‌ಗೆ ಮೊದಲೇ ಎದೆ, ಸೊಂಟ, ತೋಳು, ತೊಡೆಯ ಅಳತೆ ಬರೆದಿಡಿ. ತೂಕ ವಾರಕ್ಕೊಮ್ಮೆ, ಟೇಪು ಎರಡು ವಾರಕ್ಕೊಮ್ಮೆ. ನನ್ನದು ವರ್ಷ ತುಂಬಿದಾಗ 76.

ಮೊದಲ ವರ್ಷ ಹೊಸ ಬಟ್ಟೆ ಹೊಲಿಸಬೇಡಿ. ಇರುವ ನಾಲ್ಕು ಬ್ಲೌಸನ್ನು ಎರಡೂ ಬದಿ ಹಿಡಿದು ಸಡಿಲ ಹೊಲಿಗೆ ಹಾಕಿಸಿ, ಹೆಚ್ಚಿನ ಬಟ್ಟೆ ಕತ್ತರಿಸದೆ ಒಳಗೇ ಬಿಡಿಸಿ. ಹೊಟ್ಟೆಯ ಚರ್ಮ ಜೋಲುತ್ತದೆ. ಮಡಿಕೆಯಲ್ಲಿ ಬೆವರಿ ಕೆಂಪಾಗಿ ಕಚ್ಚುತ್ತದೆ. ಸ್ನಾನವಾದ ಮೇಲೆ ಒಣಗಿಸಿ, ಹಳೆಯ ಹತ್ತಿ ಸೀರೆಯ ಅಗಲ ಪಟ್ಟಿ ಒಳಗಿಟ್ಟುಕೊಳ್ಳಿ.

ನನ್ನ ಕೂದಲು ಉದುರಲು ಶುರುವಾದದ್ದು ದಸರಾ ಹೊತ್ತಿಗೆ. ಬಾಚಿದಷ್ಟೂ ಕೈತುಂಬ. ಮೂರರಿಂದ ಆರನೇ ತಿಂಗಳಲ್ಲಿ ಹೀಗಾಗಿ, ಪ್ರೋಟೀನ್, ಕಬ್ಬಿಣ ಸರಿಯಿದ್ದರೆ ಮತ್ತೆ ಬರುತ್ತದೆ. ನನಗೆ ಮುಂದಿನ ಯುಗಾದಿಗೆ ಹಣೆಯ ಮೇಲೆ ಮೊಳಕೆಯಂತೆ ಹೊಸ ಕೂದಲು ಎದ್ದಿತ್ತು.

11. ಮಾತ್ರೆ ಮತ್ತು ವರ್ಷದ ಪರೀಕ್ಷೆ

ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ನಡುವೆ ಎರಡು ಗಂಟೆ ಬಿಡಿ, ಒಂದು ಇನ್ನೊಂದನ್ನು ಹೀರಲು ಬಿಡುವುದಿಲ್ಲ. ಕಬ್ಬಿಣದ ಹತ್ತಿರ ಕಾಫಿ, ಟೀ ಬೇಡ. ಕ್ಯಾಲ್ಸಿಯಂ ಎಂದರೆ ಸಿಟ್ರೇಟ್ ಎಂದೇ ಕೇಳಿ ತನ್ನಿ. ಅಂಗಡಿಯಲ್ಲಿ ಮೊದಲು ಕೈಗೆ ಬರುವ ಕಾರ್ಬೊನೇಟ್ ಚೆನ್ನಾಗಿ ಕರಗಲು ಆಸಿಡ್ ಬೇಕು, ನಮ್ಮ ಪುಟ್ಟ ಚೀಲದಲ್ಲಿ ಅದು ಸಾಲದು. ನಾನು ಬೆಳಿಗ್ಗೆ ಅಂಗಡಿ ಬೀಗ ತೆಗೆದ ಕೂಡಲೆ ಕಬ್ಬಿಣ, ಮಧ್ಯಾಹ್ನ ಒಮ್ಮೆ ಮತ್ತು ರಾತ್ರಿ ಒಮ್ಮೆ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತೇನೆ. ಹದಿನೆಂಟನೇ ತಿಂಗಳಲ್ಲಿ ಚೆನ್ನಾಗಿದ್ದೇನೆ ಎಂದು ಎರಡು ತಿಂಗಳು ಬಿಟ್ಟೆ. ಮೆಟ್ಟಿಲು ಹತ್ತಿದರೆ ಮತ್ತೆ ಏದುಸಿರು. ಕಬ್ಬಿಣ ತೀರ ಇಳಿದು, ರಕ್ತನಾಳದ ಮೂಲಕ ಹಾಕಿಸಿಕೊಳ್ಳಬೇಕಾಯಿತು.

ಈಗ ತೂಕ 78, ಎರಡು ಕೆ.ಜಿ. ಮರಳಿದೆ. ಸಕ್ಕರೆಗೆ ಮಾತ್ರೆ ಇಲ್ಲ, ಬಿ.ಪಿ.ಗೆ ಅರ್ಧ ಮಾತ್ರೆ ಉಳಿದಿದೆ. ಪ್ರತಿ ವರ್ಷ ಆಷಾಢದ ಮೊದಲ ವಾರ ಮೈಸೂರಿಗೆ ಹೋಗಿ ರಕ್ತ ಕೊಡುತ್ತೇನೆ: ಹಿಮೋಗ್ಲೋಬಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣ ತೋರಿಸುವ ಫೆರಿಟಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಕ್ಯಾಲ್ಸಿಯಂ ಹತೋಟಿಯ ಹಾರ್ಮೋನು ಪಿಟಿಎಚ್, ಥೈರಾಯ್ಡ್, ಮೂರು ತಿಂಗಳ ಸಕ್ಕರೆ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ತಿಳಿಸಿ ಎರಡು ದಿನ ಮೊದಲೇ ನಿಲ್ಲಿಸಿ, ಥೈರಾಯ್ಡ್ ವರದಿ ತಪ್ಪು ತೋರಿಸುತ್ತದೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಹೋಗಬೇಕಾದ್ದರಿಂದ ಡಬ್ಬಿಯಲ್ಲಿ ಎರಡು ಬೇಯಿಸಿದ ಮೊಟ್ಟೆ ಜೊತೆಗೊಯ್ಯಿರಿ. ರಕ್ತ ಕೊಟ್ಟು ಹೊರಬಂದ ಕೂಡಲೆ ಕೂತು, ನಿಧಾನಕ್ಕೆ ಅಗಿದು ತಿನ್ನಿ.